ಸಿಗರೇಟ್ ಬಿಡಲು ಸ್ವಸಮ್ಮೋಹನ: ಚಪಲ ಬಂದ ಆ ಕೆಲವು ನಿಮಿಷಕ್ಕೆ ಒಂದು ಅಭ್ಯಾಸ

ಸಿಗರೇಟ್ ಬಿಡಬೇಕು ಎಂದು ರಾತ್ರಿ ಮಲಗುವಾಗ ತೀರ್ಮಾನ ಮಾಡುವುದು ಸುಲಭ. ಊಟ ಆಗಿರುತ್ತದೆ, ದಿನದ ಕೊನೆಯ ಸಿಗರೇಟೂ ಮುಗಿದಿರುತ್ತದೆ. ಮೈಗೆ ಬೇಕಾದ ನಿಕೋಟಿನ್ ಸಿಕ್ಕಿರುತ್ತದೆ. ಕಷ್ಟ ಶುರುವಾಗುವುದು ಮರುದಿನ ಬೆಳಿಗ್ಗೆ 11 ಗಂಟೆಗೆ, ಆಫೀಸಿನ ಎದುರಿನ ಬೇಕರಿ ಮುಂದೆ. ಒಂದು ಕೈಯಲ್ಲಿ ಟೀ ಲೋಟ. ಇನ್ನೊಂದು ಕೈ ಖಾಲಿ. ಪಕ್ಕದಲ್ಲಿದ್ದ ಗೆಳೆಯ ಪ್ಯಾಕ್ ಮುಂದೆ ಹಿಡಿಯುತ್ತಾನೆ. ಆ ಹೊತ್ತಿಗೆ ರಾತ್ರಿಯ ತೀರ್ಮಾನ ನೆನಪಿಗೇ ಬರುವುದಿಲ್ಲ. ಬಂದರೂ ಅದಕ್ಕೆ ಬಲ ಇರುವುದಿಲ್ಲ.

ಸ್ವಸಮ್ಮೋಹನ, ಅಂದರೆ ಸೆಲ್ಫ್ ಹಿಪ್ನಾಸಿಸ್, ಉಪಯೋಗಕ್ಕೆ ಬರುವುದಿದ್ದರೆ ಆ ನಿಮಿಷದಲ್ಲಿ ಬರಬೇಕು. ಕಣ್ಣು ಮುಚ್ಚಿ ಮಲಗಿ, ಒಂದು ಆಡಿಯೊ ಕೇಳಿ, ಏಳುವಷ್ಟರಲ್ಲಿ ಚಟ ಹೋಗಿರುತ್ತದೆ ಎನ್ನುವ ಜಾಹೀರಾತುಗಳನ್ನು ನೀವೂ ನೋಡಿರುತ್ತೀರಿ. ಹಾಗೆಲ್ಲ ಆಗುವುದಿಲ್ಲ. ಹಾಗಂತ ಇದೆಲ್ಲ ಬರೀ ಬೂಟಾಟಿಕೆ ಎಂದು ತಳ್ಳಿಹಾಕುವುದೂ ಸರಿಯಲ್ಲ. ಸ್ವಸಮ್ಮೋಹನ ಒಂದು ತಾಲೀಮು. ಮನೆಯಲ್ಲಿ ಕೂತು ಮನಸ್ಸಿಗೆ ಕಲಿಸಿದ್ದನ್ನು ಬೇಕರಿ ಮುಂದೆ ಬಳಸುವ ತಾಲೀಮು. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂದು ಗೊತ್ತಿದ್ದವರಿಗೆ ಅದರಿಂದ ನಿಜವಾದ ಸಹಾಯ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ಚಪಲ ಎಲ್ಲಿಂದ ಬರುತ್ತದೆ

ಹೊಗೆ ಒಳಗೆಳೆದ 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮೆದುಳು ಮುಟ್ಟುತ್ತದೆ. ಚಟ ಅಷ್ಟು ಗಟ್ಟಿಯಾಗಿ ಅಂಟಿಕೊಳ್ಳಲು ಈ ವೇಗವೇ ಒಂದು ದೊಡ್ಡ ಕಾರಣ. ಅಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ, ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿರುವ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ. ಇಳಿದಂತೆ ಕಿರಿಕಿರಿ, ಚಡಪಡಿಕೆ, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು. ಇನ್ನೊಂದು ಹಚ್ಚಿದರೆ ಎಲ್ಲ ಸರಿಹೋಗುತ್ತದೆ. "ಸಿಗರೇಟ್ ಸೇದಿದ್ರೆ ಟೆನ್ಶನ್ ಕಡಿಮೆ ಆಗುತ್ತೆ" ಎನ್ನುತ್ತಾರಲ್ಲ, ಅವರಿಗೆ ಕಡಿಮೆಯಾಗುವುದು ಬಹುಪಾಲು ಹಿಂದಿನ ಸಿಗರೇಟು ತಂದಿಟ್ಟ ಟೆನ್ಶನ್ನೇ.

ಇದು ಮೈಯ ಕಥೆ. ಪೂರ್ತಿ ನಿಲ್ಲಿಸಿದವರಿಗೆ ಈ ತೊಂದರೆ ಮೊದಲ ಎರಡು ಮೂರು ದಿನ ಜಾಸ್ತಿ. ಆಮೇಲೆ 2ರಿಂದ 4 ವಾರದಲ್ಲಿ ಹೆಚ್ಚಿನದು ಇಳಿದುಹೋಗುತ್ತದೆ. ಹಾಗಿದ್ದರೆ ಆರು ತಿಂಗಳು ಸೇದದೇ ಇದ್ದವರು ಒಂದು ಮದುವೆ ಮನೆಯಲ್ಲಿ ಮತ್ತೆ ಹಚ್ಚುವುದೇಕೆ? ಅವರ ಮೈಯಲ್ಲಿ ನಿಕೋಟಿನ್ ಇಲ್ಲ, ಮೈ ಅದನ್ನು ಕೇಳುತ್ತಲೂ ಇಲ್ಲ.

ಅಲ್ಲಿ ಕೇಳುತ್ತಿರುವುದು ನೆನಪು. ದಿನಕ್ಕೆ 10 ಸಿಗರೇಟ್, ಒಂದೊಂದಕ್ಕೆ 10 ದಮ್ ಎಂದು ಲೆಕ್ಕ ಹಾಕಿದರೂ ವರ್ಷಕ್ಕೆ 36,500 ಸಲ ಕೈ ಬಾಯಿಗೆ ಹೋಗಿರುತ್ತದೆ. ಪ್ರತಿ ಸಲವೂ ಸುತ್ತ ಏನೋ ಒಂದು ಇರುತ್ತದೆ. ಟೀ ವಾಸನೆ, ಊಟದ ಕೊನೆ, ಬೈಕಿನ ಸ್ಟ್ಯಾಂಡ್ ಹಾಕಿ ಒರಗಿದ ಭಂಗಿ, ಬಾಸ್ ಜೊತೆ ಮುಗಿದ ಫೋನ್ ಕರೆ. ಇವೆಲ್ಲ ಹೊಗೆಯ ಜೊತೆ ಗಂಟು ಬಿದ್ದಿರುತ್ತವೆ. ಒಂದು ಸಿಕ್ಕರೆ ಇನ್ನೊಂದು ತಾನಾಗಿ ಎದ್ದು ಬರುತ್ತದೆ.

ಎದ್ದು ಬರುವುದು ಯಾವ ರೂಪದಲ್ಲಿ ಎಂಬುದು ನಮ್ಮ ವಿಷಯಕ್ಕೆ ಬಹಳ ಮುಖ್ಯ. ಡೇವಿಡ್ ಕವನಾ, ಜಾಕಿ ಆಂಡ್ರೇಡ್ ಮತ್ತು ಜಾನ್ ಮೇ ಎಂಬ ಮನೋವಿಜ್ಞಾನಿಗಳು 2005ರಲ್ಲಿ ಒಂದು ಸಿದ್ಧಾಂತ ಮುಂದಿಟ್ಟರು. ಚಪಲ ಮೊದಲು ಸುಮ್ನೆ ಹಾದುಹೋಗುವ ಒಂದು ಯೋಚನೆ. ಅದನ್ನು ನಾವು ಹಿಡಿದುಕೊಂಡಾಗ ಚಿತ್ರವಾಗುತ್ತದೆ: ಬೆರಳ ನಡುವಿನ ಸಿಗರೇಟು, ತುದಿಯ ಕೆಂಪು, ಗಂಟಲಿಗೆ ತಾಗುವ ಮೊದಲ ಎಳೆತ. ಚಿತ್ರ ಎಷ್ಟು ಸ್ಪಷ್ಟವೋ ಚಪಲ ಅಷ್ಟು ಜೋರು. ಮನಸ್ಸಿನ ಪರದೆ ಮಾತ್ರ ಚಿಕ್ಕದು. ಅಲ್ಲಿ ಬೇರೆ ಚಿತ್ರ ತುಂಬಿದರೆ ಸಿಗರೇಟಿನ ಚಿತ್ರಕ್ಕೆ ಜಾಗ ಸಾಲುವುದಿಲ್ಲ, ಚಪಲ ಸಡಿಲವಾಗುತ್ತದೆ. ಚಪಲದ ಒಂದು ಅಲೆ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ಆ ಕೆಲವು ನಿಮಿಷ ಪರದೆಯನ್ನು ಬೇರೆ ಯಾವುದಾದರೂ ಚಿತ್ರಕ್ಕೆ ಕೊಟ್ಟರೆ ಸಾಕು. ಸ್ವಸಮ್ಮೋಹನ ಮಾಡುವುದು ಇದನ್ನೇ.

ಸಮ್ಮೋಹನ ನಿದ್ದೆಯಲ್ಲ

ವೇದಿಕೆಯ ಮೇಲೆ ಗಡಿಯಾರ ತೂಗಾಡಿಸಿ "ನಿದ್ದೆ ಬರ್ತಿದೆ, ನಿದ್ದೆ ಬರ್ತಿದೆ" ಎನ್ನುವವರನ್ನು ನೋಡಿ ನಮ್ಮಲ್ಲಿ ಎಷ್ಟೋ ಜನಕ್ಕೆ ಇದರ ಬಗ್ಗೆ ಭಯ ಇದೆ. ಇನ್ನೊಬ್ಬರ ಹಿಡಿತಕ್ಕೆ ಸಿಕ್ಕಿಬಿಡುತ್ತೇವೆ, ಎಚ್ಚರವೇ ಆಗದಿದ್ದರೆ ಏನು ಗತಿ ಎಂಬ ಭಯ. ಸಮ್ಮೋಹನದಲ್ಲಿ ಇರುವ ವ್ಯಕ್ತಿ ಎಚ್ಚರವಾಗಿಯೇ ಇರುತ್ತಾನೆ. ಗಮನ ಮಾತ್ರ ಒಂದೇ ಕಡೆ ಗಟ್ಟಿಯಾಗಿ ನೆಟ್ಟಿರುತ್ತದೆ, ಸುತ್ತಲಿನದು ಮಸುಕಾಗಿರುತ್ತದೆ. ಬಸ್ಸಿನಲ್ಲಿ ಯಾವುದೋ ಕಥೆಯಲ್ಲಿ ಮುಳುಗಿ ನಮ್ಮ ಸ್ಟಾಪ್ ದಾಟಿಹೋಗುತ್ತದಲ್ಲ, ಹೆಚ್ಚು ಕಡಿಮೆ ಅದೇ ಸ್ಥಿತಿ. ಅಂಥ ಹೊತ್ತಿನಲ್ಲಿ ಹೇಳಿದ ಮಾತು, ಕಂಡ ಚಿತ್ರ ಮನಸ್ಸಿಗೆ ಆಳವಾಗಿ ನಾಟುತ್ತದೆ. ಹೇಳುವವರೂ ನೀವೇ, ಕೇಳುವವರೂ ನೀವೇ ಆದರೆ ಅದು ಸ್ವಸಮ್ಮೋಹನ.

ವೈದ್ಯರಿಗೆ ಇದು ಹೊಸದಲ್ಲ. ಮ್ಯಾಂಚೆಸ್ಟರಿನಲ್ಲಿದ್ದ ಸ್ಕಾಟಿಷ್ ಶಸ್ತ್ರವೈದ್ಯ ಜೇಮ್ಸ್ ಬ್ರೈಡ್ 1843ರಲ್ಲೇ ಇದರ ಮೇಲೆ ಪುಸ್ತಕ ಬರೆದಿದ್ದ. ಅರಿವಳಿಕೆ ಇನ್ನೂ ಬಳಕೆಗೆ ಬಾರದಿದ್ದ ಕಾಲದಲ್ಲಿ, 1845ರಲ್ಲಿ, ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೈಲ್ ಎಂಬ ಇನ್ನೊಬ್ಬ ಶಸ್ತ್ರವೈದ್ಯ ಇಂಥದೇ ವಿಧಾನದಿಂದ ರೋಗಿಗಳ ನೋವು ತಗ್ಗಿಸಿ ಶಸ್ತ್ರಚಿಕಿತ್ಸೆ ಮಾಡತೊಡಗಿದ.

ಎಲ್ಲರಿಗೂ ಒಂದೇ ಮಟ್ಟಕ್ಕೆ ಸಮ್ಮೋಹನ ಹಿಡಿಯುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1959ರಲ್ಲಿ ಇದನ್ನು ಅಳೆಯುವ ಮಾಪಕವೇ ಸಿದ್ಧವಾಯಿತು. ತುಂಬ ಬೇಗ, ತುಂಬ ಆಳಕ್ಕೆ ಹೋಗುವವರು ಸ್ವಲ್ಪ ಜನ. ಏನೇ ಮಾಡಿದರೂ ಹೆಚ್ಚೇನೂ ಆಗದವರೂ ಸ್ವಲ್ಪ ಜನ. ಉಳಿದ ಬಹುಪಾಲು ಜನ ನಡುವೆ ಇರುತ್ತಾರೆ. ಇದು ಬುದ್ಧಿಗೂ ಸಂಬಂಧಿಸಿದ್ದಲ್ಲ, ಮನಸ್ಸಿನ ಗಟ್ಟಿತನಕ್ಕೂ ಸಂಬಂಧಿಸಿದ್ದಲ್ಲ. "ನನ್ನ ಮನಸ್ಸು ತುಂಬ ಗಟ್ಟಿ, ನನಗೆ ಇದೆಲ್ಲ ಹತ್ತಲ್ಲ" ಎನ್ನುವವರೂ ಒಮ್ಮೆ ಮಾಡಿ ನೋಡಬಹುದು.

ಮೆದುಳಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಇಲ್ಲಿ ಎರಡು ಬೇರೆ ಬೇರೆ ಸಂಶೋಧನೆಗಳು ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಮೆದುಳಿನಲ್ಲಿ ಇನ್ಸುಲಾ ಎಂಬ ಭಾಗವಿದೆ. ಹಸಿವು, ಎದೆಬಡಿತ, ಹೊಟ್ಟೆಯ ತಳಮಳ, ಹೀಗೆ ಮೈ ಒಳಗಿನ ಸುದ್ದಿಯನ್ನು ನಮ್ಮ ಅರಿವಿಗೆ ತರುವುದು ಅದರ ಕೆಲಸ. ಪಾರ್ಶ್ವವಾಯುವಿನಂಥ ಕಾರಣದಿಂದ ಇನ್ಸುಲಾಕ್ಕೆ ಪೆಟ್ಟಾದ ಕೆಲವು ಧೂಮಪಾನಿಗಳು ಸಿಗರೇಟನ್ನು ಬಹಳ ಸುಲಭವಾಗಿ ಬಿಟ್ಟರು, ಸೇದಬೇಕು ಎಂಬ ಆಸೆಯೇ ಅವರಿಗೆ ಮತ್ತೆ ಹುಟ್ಟಲಿಲ್ಲ ಎಂದು 2007ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದರು. 2016ರಲ್ಲಿ ಸ್ಟ್ಯಾನ್‌ಫರ್ಡಿನ ತಂಡ ಸಮ್ಮೋಹನದಲ್ಲಿರುವವರ ಮೆದುಳಿನ ಸ್ಕ್ಯಾನ್ ನೋಡಿದಾಗ, ನಿರ್ಧಾರ ಮಾಡುವ ಮುಂಭಾಗಕ್ಕೂ ಇದೇ ಇನ್ಸುಲಾಕ್ಕೂ ಇರುವ ಸಂಪರ್ಕ ಆ ಹೊತ್ತಿಗೆ ಹೆಚ್ಚಾಗಿದ್ದು ಕಂಡುಬಂತು. ಈ ಎರಡನೆಯದು ಸಿಗರೇಟಿನ ಬಗ್ಗೆ ಮಾಡಿದ ಪ್ರಯೋಗವಲ್ಲ. ಇದರಿಂದ ಏನನ್ನೂ ಸಾಬೀತು ಮಾಡಿದಂತಾಗುವುದಿಲ್ಲ. ಆದರೂ ಮೈಯ ಬೇಡಿಕೆ ಮತ್ತು ಮನಸ್ಸಿನ ತೀರ್ಮಾನ ಸಮ್ಮೋಹನದಲ್ಲಿ ಹತ್ತಿರ ಬರುತ್ತವೆ ಎಂಬ ಹಳೆಯ ಅನುಭವಕ್ಕೆ ಇದು ಹೊಂದುತ್ತದೆ.

ಒಂದೇ ಭೇಟಿಯ ವಿಧಾನ

ಧೂಮಪಾನಕ್ಕೆ ಸ್ವಸಮ್ಮೋಹನ ಬಳಸುವ ಅತ್ಯಂತ ಪ್ರಸಿದ್ಧ ವಿಧಾನ ಹರ್ಬರ್ಟ್ ಸ್ಪೀಗೆಲ್ ಎಂಬ ನ್ಯೂಯಾರ್ಕಿನ ಮನೋವೈದ್ಯರದು. ಅವರು ಅದನ್ನು 1970ರಲ್ಲಿ ಪ್ರಕಟಿಸಿದರು. ರೋಗಿ ಬರುವುದು ಒಂದೇ ಸಲ. ಆ ಒಂದು ಭೇಟಿಯಲ್ಲಿ ವೈದ್ಯರು ಚಟ ಬಿಡಿಸುವುದಿಲ್ಲ. ಸ್ವಸಮ್ಮೋಹನ ಕಲಿಸಿ ಕಳಿಸುತ್ತಾರೆ. ಮುಂದಿನದೆಲ್ಲ ರೋಗಿಯ ಕೆಲಸ.

ಅವರು ಕಲಿಸುತ್ತಿದ್ದ ಮಾತು ಮೂರೇ. ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ. ನನ್ನ ಮೈಗೆ ಈ ಹೊಗೆ ವಿಷ. ಬದುಕಲು ನನಗೆ ಈ ಮೈ ಬೇಕು. ಬದುಕಬೇಕು ಅಂತಿದ್ದರೆ ಈ ಮೈಯನ್ನು ಗೌರವದಿಂದ ಕಾಪಾಡುವ ಹೊಣೆ ನನ್ನದು.

ಮೇಲ್ನೋಟಕ್ಕೆ ಆರೋಗ್ಯ ಇಲಾಖೆಯ ಫಲಕದ ಹಾಗೆ ಕಾಣುತ್ತದೆ, ಅಲ್ವಾ? ನಿಧಾನವಾಗಿ ನೋಡಿ. ಇಲ್ಲಿ "ಸೇದಬೇಡ" ಎಂಬ ಮಾತೇ ಇಲ್ಲ. ಸಿಗರೇಟಿನ ಜೊತೆ ಜಗಳವೂ ಇಲ್ಲ. ವಿಷ ಆಗುವುದು "ನನಗೆ" ಅಲ್ಲ, "ನನ್ನ ಮೈಗೆ". ಈ ಸಣ್ಣ ಬದಲಾವಣೆಯಲ್ಲೇ ಎಲ್ಲ ಇದೆ. ಸೇದಬೇಕು ಎನ್ನುವ ನಾನು, ಬಿಡಬೇಕು ಎನ್ನುವ ನಾನು ಎಂದು ಎರಡು ಭಾಗವಾಗಿ ಗುದ್ದಾಡುವುದು ನಿಲ್ಲುತ್ತದೆ. ಅದರ ಬದಲು, ನನ್ನನ್ನೇ ನಂಬಿಕೊಂಡಿರುವ ಒಂದು ಮೈ ಇದೆ, ಅದಕ್ಕೆ ಬಾಯಿಲ್ಲ, ನಾನು ಒಳಗೆ ಬಿಟ್ಟದ್ದನ್ನೆಲ್ಲ ಅದು ತೆಗೆದುಕೊಳ್ಳಲೇಬೇಕು ಎಂಬ ಭಾವ ಬರುತ್ತದೆ. ಪುಟ್ಟ ಮಗುವಿನ ಮೂಗಿಗೆ ಯಾರಾದರೂ ಬಿಸಿ ಹೊಗೆ ಹಿಡಿಯುತ್ತಾರಾ ಎಂದು ಈ ವಿಧಾನ ಕಲಿಸುವವರು ಕೇಳುತ್ತಾರೆ. ಮಗು ನಮ್ಮನ್ನು ನಂಬಿರುವಷ್ಟೇ ನಿಮ್ಮ ಶ್ವಾಸಕೋಶವೂ ನಿಮ್ಮನ್ನು ನಂಬಿದೆ ಎನ್ನುತ್ತಾರೆ.

ನಮ್ಮಲ್ಲಿ ಮಗು ಹುಟ್ಟಿದ ಮೇಲೆ ಮನೆಯೊಳಗೆ ಸೇದುವುದನ್ನು ಒಂದೇ ದಿನಕ್ಕೆ ನಿಲ್ಲಿಸಿದ ಗಂಡಸರು ಎಷ್ಟು ಜನ ಇಲ್ಲ! ಮಳೆ ಬಂದರೂ ಗೇಟಿನ ಹೊರಗೆ ಹೋಗಿ ನಿಲ್ಲುತ್ತಾರೆ. ಅವರಿಗೆ ಯಾರೂ ಭಾಷಣ ಮಾಡಿರುವುದಿಲ್ಲ. ಕಾಪಾಡುವ ಹೊಣೆ ಬಂದ ಕೂಡಲೇ ಅಷ್ಟರಮಟ್ಟಿಗೆ ಕೈ ತಾನಾಗಿ ತಡೆಯುತ್ತದೆ. ಆ ತಡೆ ತಮ್ಮ ಸ್ವಂತ ಮೈಗೂ ಸಿಗಲಿ ಎಂಬುದೇ ಈ ಮೂರು ಮಾತಿನ ಉದ್ದೇಶ.

ಮಾಡುವುದು ಹೇಗೆ

ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂರಿ. ಕೈಗಳು ಕುರ್ಚಿಯ ತೋಳಿನ ಮೇಲೆ, ಇಲ್ಲವೇ ತೊಡೆಯ ಮೇಲೆ ಇರಲಿ. ಮನಸ್ಸಿನಲ್ಲೇ ಒಂದು ಎಂದು ಎಣಿಸಿ, ತಲೆ ಅಲ್ಲಾಡಿಸದೆ ಕಣ್ಣುಗುಡ್ಡೆಯನ್ನು ಮಾತ್ರ ಮೇಲಕ್ಕೆ, ಹುಬ್ಬಿನ ಕಡೆಗೆ ತಿರುಗಿಸಿ. ಎರಡು ಎಂದಾಗ ನೋಟ ಮೇಲೇ ಇರಲಿ, ರೆಪ್ಪೆಗಳನ್ನು ನಿಧಾನವಾಗಿ ಮುಚ್ಚುತ್ತ ಉದ್ದಕ್ಕೆ ಉಸಿರು ಎಳೆದುಕೊಳ್ಳಿ. ಮೂರು ಎಂದಾಗ ಉಸಿರು ಬಿಡಿ, ಕಣ್ಣು ಸಡಿಲ ಬಿಡಿ, ಮೈ ನೀರಿನ ಮೇಲೆ ತೇಲುತ್ತಿದೆ ಎಂದುಕೊಳ್ಳಿ. ಕೆರೆಯೋ, ಹೊಳೆಯೋ, ಬಾವಿಯಲ್ಲಿ ಈಜು ಕಲಿತವರಿಗೆ ಬಾವಿಯೋ, ನಿಮಗೆ ಗೊತ್ತಿರುವ ನೀರು ಇರಲಿ. ಒಂದು ಕೈ ಹಗುರವಾಗುತ್ತಿದೆ, ಮೊಣಕೈಯಿಂದ ಮೇಲೆ ತಾನಾಗಿ ಏಳುತ್ತಿದೆ ಎಂದುಕೊಳ್ಳಿ. ಏಳದಿದ್ದರೆ ನೀವೇ ಮೆಲ್ಲಗೆ ಎತ್ತಿ. ಆ ಸ್ಥಿತಿಯಲ್ಲಿ ಮೂರು ಮಾತನ್ನು ಹೇಳಿಕೊಳ್ಳಿ. ಆಮೇಲೆ ಮೂರು, ಎರಡು, ಒಂದು ಎಂದು ಹಿಂದಕ್ಕೆ ಎಣಿಸಿ ಕಣ್ಣು ಬಿಡಿ, ಮುಷ್ಟಿ ಹಿಡಿದು ಬಿಡಿಸಿ. ಮುಗಿಯಿತು.

ಮೊದಲ ಕೆಲವು ಸಲ ಐದು ನಿಮಿಷ ಹಿಡಿಯಬಹುದು. ರೂಢಿಯಾದ ಮೇಲೆ 20 ಸೆಕೆಂಡು ಸಾಕು. ಸ್ಪೀಗೆಲ್ ಹೇಳುತ್ತಿದ್ದದ್ದು ಒಂದೆರಡು ಗಂಟೆಗೊಮ್ಮೆ, ದಿನಕ್ಕೆ 10 ಸಲ. ದಿನಕ್ಕೊಮ್ಮೆ ಅರ್ಧ ಗಂಟೆ ಮಾಡುವುದಕ್ಕಿಂತ ಇದು ಒಳ್ಳೆಯದು, ಯಾಕೆಂದರೆ ಚಪಲ ಬರುವುದೂ ಹೀಗೆಯೇ, ದಿನದುದ್ದಕ್ಕೂ ಚೂರು ಚೂರಾಗಿ. ಮೊದಲ ಸಲ "ಏನೂ ಆಗಲೇ ಇಲ್ಲ" ಅನ್ನಿಸುವವರೇ ಜಾಸ್ತಿ. ವಿಶೇಷ ಅನುಭವಕ್ಕೆ ಕಾಯಬೇಡಿ. ಕಣ್ಣು ಸ್ವಲ್ಪ ಭಾರ, ಭುಜ ಸ್ವಲ್ಪ ಸಡಿಲ, ಉಸಿರು ಸ್ವಲ್ಪ ನಿಧಾನ, ಇಷ್ಟಾದರೆ ಸಾಕು.

ಜನರ ಮಧ್ಯೆ ಕೈ ಗಾಳಿಯಲ್ಲಿ ಎತ್ತಿಕೊಂಡು ಕೂರಲು ಆಗುವುದಿಲ್ಲ. ಅದಕ್ಕೂ ಅವರು ಒಂದು ಉಪಾಯ ಹೇಳಿಕೊಟ್ಟಿದ್ದರು. ಮೊದಲು ಕಣ್ಣು ಮುಚ್ಚಿ, ಆಮೇಲೆ ರೆಪ್ಪೆಯೊಳಗೇ ನೋಟ ಮೇಲಕ್ಕೆ ಒಯ್ಯುವುದು. ಏಳುವ ಕೈಯನ್ನು ಹಣೆಗೆ ತಾಗಿಸುವುದು. ನೋಡುವವರಿಗೆ ಏನೋ ಯೋಚನೆ ಮಾಡುತ್ತಿದ್ದಾರೆ ಎಂದು ಕಾಣುತ್ತದೆ, ಅಷ್ಟೆ. ಮೀಟಿಂಗಿನಲ್ಲಿ, ಬಸ್ಸಿನಲ್ಲಿ, ಮೆಟ್ರೊದಲ್ಲಿ ಎಲ್ಲಿ ಬೇಕಾದರೂ ಮಾಡಬಹುದು. ಚಪಲ ಜೋರಾಗಿ ಬಂದಾಗ ಕೈಯಿಂದ ಕೆನ್ನೆಯನ್ನೋ ಗಡ್ಡವನ್ನೋ ಸವರಿಕೊಂಡು ಆ ಮೂರು ಮಾತು ನೆನಪಿಸಿಕೊಳ್ಳುವುದೂ ಇದರದೇ ಭಾಗ. ಕೈ ಮೊದಲಿನಂತೆ ಮುಖದ ಹತ್ತಿರವೇ ಹೋಗುತ್ತದೆ. ಬೆರಳಲ್ಲಿ ಸಿಗರೇಟು ಇರುವುದಿಲ್ಲ. ವರ್ಷಗಳಿಂದ ರೂಢಿಯಾದ ಕೈಯ ದಾರಿಯನ್ನು ಮುಚ್ಚದೆ ಬೇರೆ ಕಡೆಗೆ ತಿರುಗಿಸುವ ಈ ಜಾಣತನ ನನಗೆ ತುಂಬ ಇಷ್ಟ.

ಇದರ ಜೊತೆಗೆ ದಿನಕ್ಕೊಮ್ಮೆ, ಸಾಧ್ಯವಾದರೆ ಬೆಳಿಗ್ಗೆ, ಹತ್ತು ನಿಮಿಷದ ಇನ್ನೊಂದು ತಾಲೀಮು ಮಾಡಿ. ಕಣ್ಣು ಮುಚ್ಚಿ ತೇಲುವ ಸ್ಥಿತಿಗೆ ಬಂದ ಮೇಲೆ ಇವತ್ತು ಕಷ್ಟ ಕೊಡುವ ಜಾಗವನ್ನು ಕಣ್ಮುಂದೆ ತಂದುಕೊಳ್ಳಿ. ಬೇಕರಿ ಎಂದಾದರೆ ಬೇಕರಿಯೇ. ಲೋಟದ ಬಿಸಿ ಬೆರಳಿಗೆ ತಾಗಲಿ. ಪಕ್ಕದಲ್ಲಿ ಆಟೊ ಶಬ್ದ ಇರಲಿ. ಗೆಳೆಯನ ಕೈ, ಪ್ಯಾಕಿನ ಮುಚ್ಚಳ ತೆರೆಯುವುದು, ಎಲ್ಲ ಕಾಣಲಿ. ಚಪಲ ಬರಲಿ, ತಡೆಯಬೇಡಿ. ಆಮೇಲೆ ನಿಮ್ಮ ಕೈ ಕೆನ್ನೆಗೆ ಹೋಗುವುದನ್ನು, "ಬೇಡ ಮಗಾ, ಬಿಟ್ಟಿದ್ದೀನಿ" ಎಂದು ನೀವು ಆರಾಮಾಗಿ ಹೇಳುವುದನ್ನು, ಅವನು "ಹೌದಾ, ಸರಿ ಬಿಡು" ಎಂದು ಬೇರೆ ಮಾತಿಗೆ ಹೋಗುವುದನ್ನು ನೋಡಿ. ಟೀ ಮುಗಿಸಿ ಲೋಟ ಇಟ್ಟು ವಾಪಸ್ ನಡೆಯುವವರೆಗೂ ನೋಡಿ. ಅರ್ಧಕ್ಕೆ ಬಿಡಬಾರದು. ಚಪಲ ಏರಿ, ಇಳಿದು, ಮುಗಿಯುವುದನ್ನು ಮನಸ್ಸು ಕೊನೆಯವರೆಗೆ ಕಾಣಬೇಕು. ಬಹಳ ಜನಕ್ಕೆ ಅದು ಗೊತ್ತೇ ಇರುವುದಿಲ್ಲ, ಯಾಕೆಂದರೆ ಪ್ರತಿ ಸಲ ಅದು ಇಳಿಯುವ ಮೊದಲೇ ಅವರು ಒಂದು ಹಚ್ಚಿರುತ್ತಾರೆ.

"ಹೀಗಾದರೆ ಹೀಗೆ ಮಾಡುತ್ತೇನೆ" ಎಂದು ಜಾಗ, ಹೊತ್ತು, ಮಾತು ಎಲ್ಲ ಮೊದಲೇ ಗೊತ್ತುಮಾಡಿಕೊಂಡವರು ಬರೀ "ಬಿಡುತ್ತೇನೆ" ಎಂದವರಿಗಿಂತ ತಮ್ಮ ಗುರಿಗೆ ಹತ್ತಿರ ಹೋಗುತ್ತಾರೆ ಎಂದು ಪೀಟರ್ ಗೋಲ್‌ವಿಟ್ಜರ್ ಎಂಬ ಮನೋವಿಜ್ಞಾನಿಯ ಕೆಲಸ ತೋರಿಸಿದೆ. ಬೆಳಗಿನ ತಾಲೀಮು ಇದನ್ನೇ ಚಿತ್ರದ ರೂಪದಲ್ಲಿ ಮಾಡುತ್ತದೆ.

"ಸೇದಬಾರದು" ಎಂದುಕೊಂಡರೆ

ಮೊದಲ ಸಲ ಮಾಡುವವರು ಬಹಳಷ್ಟು ಜನ "ನಾನು ಸಿಗರೇಟ್ ಸೇದಬಾರದು, ಸೇದಬಾರದು" ಎಂದು ಜಪ ಮಾಡುತ್ತಾರೆ. ಇದು ಉಲ್ಟಾ ಹೊಡೆಯುತ್ತದೆ. ಹಾಗೆ ಹೇಳಿಕೊಂಡಾಗಲೆಲ್ಲ ಮನಸ್ಸಿನಲ್ಲಿ ಮೂಡುವುದು ಸಿಗರೇಟಿನ ಚಿತ್ರವೇ.

ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ವಿದ್ಯಾರ್ಥಿಗಳಿಗೆ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದು ಹೇಳಿ ನೋಡಿದರು. ಕರಡಿ ಮತ್ತೆ ಮತ್ತೆ ಬಂತು. ಮುಂದೆ 2010ರಲ್ಲಿ ಇಂಗ್ಲೆಂಡಿನಲ್ಲಿ ಧೂಮಪಾನಿಗಳ ಮೇಲೆ ಇದೇ ಬಗೆಯ ಅಧ್ಯಯನ ಆಯಿತು. ಒಂದು ವಾರ ಸಿಗರೇಟಿನ ಯೋಚನೆಯನ್ನು ಅದುಮಿಡಿ ಎಂದು ಒಂದು ಗುಂಪಿಗೆ ಹೇಳಿದರು. ಆ ವಾರ ಅವರು ಕಡಿಮೆ ಸೇದಿದರು. ಅದರ ಮುಂದಿನ ವಾರ ಉಳಿದವರಿಗಿಂತ ಜಾಸ್ತಿ ಸೇದಿದರು. ನಾಲ್ಕು ದಿನ ಹಲ್ಲು ಕಚ್ಚಿ ತಡೆದು, ಐದನೇ ದಿನ ಒಂದು ಪ್ಯಾಕ್ ಖಾಲಿ ಮಾಡುವವರನ್ನು ನೋಡಿ "ಇವನಿಗೆ ಮನಸ್ಸೇ ಇಲ್ಲ" ಎಂದು ಮನೆಯವರು ಬೈಯುತ್ತಾರೆ. ಮನಸ್ಸು ಇರುತ್ತದೆ. ದಾರಿ ತಪ್ಪಾಗಿರುತ್ತದೆ.

ಹಾಗಾಗಿ ನಿಮ್ಮ ಮಾತು ಏನು ಬೇಡ ಎಂಬುದನ್ನು ಬಿಟ್ಟು ಏನು ಬೇಕು ಎಂಬುದನ್ನು ಹೇಳಲಿ. "ನನ್ನ ಉಸಿರು ಹಗುರವಾಗಿದೆ." "ಮೆಟ್ಟಿಲು ಹತ್ತಿದ್ರೂ ಏದುಸಿರು ಬರ್ತಿಲ್ಲ." "ಮಗಳು ಬಂದು ತಬ್ಬಿಕೊಂಡಾಗ ಅಂಗಿ ವಾಸನೆ ಬರಲ್ಲ." ಸ್ಪೀಗೆಲ್ ಅವರ ಮೂರು ಮಾತು ನಿಮ್ಮ ಬಾಯಿಗೆ ಹೊಂದದಿದ್ದರೆ ನಿಮ್ಮದೇ ಮಾಡಿಕೊಳ್ಳಿ. ಅಮ್ಮನ ಹತ್ತಿರ ಮಾತಾಡುವ ಕನ್ನಡದಲ್ಲಿ ಇರಲಿ, ಅದು ಹುಬ್ಬಳ್ಳಿಯದಾಗಲಿ, ಮಂಗಳೂರಿನದಾಗಲಿ. ಪುಸ್ತಕದ ಭಾಷೆ ಆ ಸ್ಥಿತಿಯಲ್ಲಿ ಒಳಗೆ ಇಳಿಯುವುದಿಲ್ಲ.

ಕಪ್ಪಾದ ಶ್ವಾಸಕೋಶ, ಬಾಯಿಯ ಹುಣ್ಣು ಮುಂತಾದ ಭಯದ ಚಿತ್ರಗಳನ್ನು ಸ್ವಸಮ್ಮೋಹನದಲ್ಲಿ ತಂದುಕೊಳ್ಳಿ ಎಂದು ಕೆಲವರು ಹೇಳಿಕೊಡುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಆ ಚಿತ್ರಗಳು ಪ್ಯಾಕಿನ ಮೇಲೇ ಅಚ್ಚಾಗಿವೆ, ಸೇದುವವರು ದಿನಾ ನೋಡುತ್ತಾರೆ. ಹೆದರಿದಾಗ ಸಿಗರೇಟಿಗೆ ಕೈ ಹಾಕುವುದು ಅವರ ರೂಢಿ. ಹೆದರಿಕೆಯನ್ನೇ ಇನ್ನಷ್ಟು ಹೆಚ್ಚಿಸಿ ಏನು ಪ್ರಯೋಜನ?

ಎಷ್ಟರ ಮಟ್ಟಿಗೆ ಫಲ

ಸ್ಪೀಗೆಲ್ 1970ರಲ್ಲಿ ಕೊಟ್ಟ ಲೆಕ್ಕ ಹೀಗಿದೆ. ಒಟ್ಟು 615 ಜನ ಬಂದಿದ್ದರು. ಅದರಲ್ಲಿ 121 ಜನ ಕನಿಷ್ಠ ಆರು ತಿಂಗಳು ಸಿಗರೇಟು ಮುಟ್ಟಲಿಲ್ಲ. ಅಂದರೆ ಐವರಲ್ಲಿ ಒಬ್ಬರು. ಅವರ ಮಗ ಡೇವಿಡ್ ಸ್ಪೀಗೆಲ್ ಮತ್ತು ಸಂಗಡಿಗರು 1993ರಲ್ಲಿ ಇದೇ ವಿಧಾನದ 226 ಜನರ ಫಲಿತಾಂಶ ಪ್ರಕಟಿಸಿದರು. ಒಂದು ವಾರದ ಹೊತ್ತಿಗೆ ಸೇದದೇ ಇದ್ದವರು 52 ಶೇಕಡಾ. ಎರಡು ವರ್ಷದ ಹೊತ್ತಿಗೆ 23 ಶೇಕಡಾ. ಯಾವ ಸಹಾಯವೂ ಇಲ್ಲದೆ ತಾವಾಗಿ ಬಿಡಲು ಹೊರಟವರಲ್ಲಿ ಒಂದು ಪ್ರಯತ್ನಕ್ಕೆ ಆರು ತಿಂಗಳು, ವರ್ಷ ದಾಟುವವರು 3ರಿಂದ 5 ಶೇಕಡಾ ಮಾತ್ರ.

ಇದನ್ನು ಓದಿ ಖುಷಿಪಡುವ ಮೊದಲು ಇನ್ನೊಂದು ವಿಷಯ ತಿಳಿದಿರಬೇಕು. ದುಡ್ಡು ಕೊಟ್ಟು ವೈದ್ಯರನ್ನು ಹುಡುಕಿಕೊಂಡು ಹೋದವರು ಮೊದಲೇ ಗಟ್ಟಿ ಮನಸ್ಸು ಮಾಡಿರುತ್ತಾರೆ. ಅವರನ್ನು ಉಳಿದವರ ಜೊತೆ ಹೋಲಿಸುವುದು ನ್ಯಾಯವಲ್ಲ. ಸರಿಯಾದ ಹೋಲಿಕೆಗೆ ಜನರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಒಂದು ಗುಂಪಿಗೆ ಸಮ್ಮೋಹನ, ಇನ್ನೊಂದಕ್ಕೆ ಬೇರೆ ಸಹಾಯ ಕೊಟ್ಟು ನೋಡಬೇಕು. ಅಂಥ 14 ಅಧ್ಯಯನಗಳನ್ನು, ಒಟ್ಟು 1,926 ಜನರ ಮಾಹಿತಿಯನ್ನು ಚಿಕಿತ್ಸೆಗಳಿಗೆ ಎಷ್ಟು ಆಧಾರವಿದೆ ಎಂದು ನೋಡುವ ಕಾಕ್ರೇನ್ ಎಂಬ ಸಂಸ್ಥೆಯ 2019ರ ಪರಿಶೀಲನೆ ಒಟ್ಟಿಗೆ ತೂಗಿ ನೋಡಿತು. ಬೇರೆ ಬಗೆಯ ಆಪ್ತಸಲಹೆಗಿಂತ ಸಮ್ಮೋಹನ ಹೆಚ್ಚು ಫಲ ಕೊಡುತ್ತದೆ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ ಎಂಬುದು ಅದರ ತೀರ್ಮಾನ. ಕೆಲಸಕ್ಕೆ ಬಾರದು ಎಂದು ಸಾಬೀತಾಯಿತು ಎಂದಲ್ಲ. ಅಧ್ಯಯನಗಳು ಚಿಕ್ಕವು, ಒಂದೊಂದರಲ್ಲೂ ವಿಧಾನ ಬೇರೆ ಬೇರೆ. ಹಾಗಾಗಿ ಗಟ್ಟಿಯಾಗಿ ಹೌದು ಎನ್ನುವಂತಿಲ್ಲ.

ನನ್ನ ಲೆಕ್ಕದಲ್ಲಿ ಇದರ ಅರ್ಥ ಇಷ್ಟು: ಸ್ವಸಮ್ಮೋಹನವನ್ನು ಒಂದೇ ಮದ್ದು ಎಂದು ನಂಬಿ ಕೂರಬೇಡಿ, ಬೇರೆ ಸಹಾಯದ ಜೊತೆ ಸೇರಿಸಿಕೊಳ್ಳಿ. ಅದಕ್ಕೆ ದುಡ್ಡು ಬೇಕಿಲ್ಲ, ಅದು ಯಾವಾಗಲೂ ನಿಮ್ಮ ಜೊತೆಗೇ ಇರುತ್ತದೆ. 1993ರ ಆ ಅಧ್ಯಯನದಲ್ಲೇ ಇನ್ನೊಂದು ಸಂಗತಿ ಇತ್ತು. ಸಮ್ಮೋಹನ ಚೆನ್ನಾಗಿ ಹಿಡಿಯುವವರು ಮತ್ತು ಸಂಗಾತಿಯ ಜೊತೆ ಬದುಕುತ್ತಿದ್ದವರು ಎರಡು ವರ್ಷ ದಾಟುವ ಸಾಧ್ಯತೆ ಹೆಚ್ಚಿತ್ತು. ಮನೆಯಲ್ಲಿ ಹೇಳದೆ ಗುಟ್ಟಾಗಿ ಬಿಡಲು ಹೊರಟವರು ಇದನ್ನು ಗಮನಿಸಬೇಕು. ಹೆಂಡತಿಗೋ, ಅಣ್ಣನಿಗೋ, ರೂಮ್‌ಮೇಟ್‌ಗೋ ಮೊದಲೇ ಹೇಳಿ. ಎರಡು ವಾರ ನಾನು ಸಿಡಿಮಿಡಿ ಮಾಡಬಹುದು, ಸ್ವಲ್ಪ ಸಹಿಸಿಕೊ ಎಂದು ಕೇಳಿ.

ಜೊತೆಗೆ ಏನು ಬೇಕು

ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟೋ ಬೀಡಿಯೋ ಬೇಕೇ ಬೇಕು ಎಂದಾದರೆ ನಿಮ್ಮ ಮೈ ನಿಕೋಟಿನ್‌ಗೆ ಚೆನ್ನಾಗಿ ಅಂಟಿಕೊಂಡಿದೆ ಎಂದರ್ಥ. ಬರೀ ಮನಸ್ಸಿನ ತಾಲೀಮಿನಿಂದ ಮೊದಲ ವಾರ ದಾಟುವುದು ಅಂಥವರಿಗೆ ಬಹಳ ಕಷ್ಟ. ನಿಕೋಟಿನ್ ಗಮ್ ಅಥವಾ ಚರ್ಮಕ್ಕೆ ಅಂಟಿಸುವ ಪ್ಯಾಚ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ವರೆನಿಕ್ಲಿನ್, ಬ್ಯುಪ್ರೊಪಿಯಾನ್ ಎಂಬ ಮಾತ್ರೆಗಳೂ ಇವೆ, ಅವನ್ನು ಡಾಕ್ಟರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕು. ಗಮ್ಮನ್ನು ಚೂಯಿಂಗ್ ಗಮ್ ಥರ ಒಂದೇ ಸಮನೆ ಅಗಿಯಬಾರದು. ಖಾರ ಖಾರ ರುಚಿ ಬರುವವರೆಗೆ ನಿಧಾನವಾಗಿ ಅಗಿದು, ಕೆನ್ನೆಯ ಒಳಗೆ ಒತ್ತಿ ಇಟ್ಟುಕೊಳ್ಳಬೇಕು. ರುಚಿ ಹೋದ ಮೇಲೆ ಮತ್ತೆ ನಾಲ್ಕು ಸಲ ಅಗಿಯುವುದು. ಕಾಫಿ, ಜ್ಯೂಸ್ ಕುಡಿದ ತಕ್ಷಣ ಹಾಕಿಕೊಂಡರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಕಾಲು ಗಂಟೆ ಬಿಡಿ. ಗಮ್ ಮೈಯ ಬೇಡಿಕೆಯನ್ನು ನೋಡಿಕೊಳ್ಳುತ್ತದೆ, ತಾಲೀಮು ನೆನಪಿನ ಬೇಡಿಕೆಯನ್ನು.

ಕಾಫಿಯ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ಹೊಗೆಯಲ್ಲಿರುವ ಕೆಲವು ವಸ್ತುಗಳಿಂದ ಲಿವರ್ ಕೆಫೀನನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಸಿಗರೇಟ್ ಬಿಟ್ಟ ಮೇಲೆ ಆ ವೇಗ ಇಳಿಯುತ್ತದೆ. ಮೊದಲಿನಷ್ಟೇ ಲೋಟ ಕಾಫಿ ಕುಡಿದರೂ ಮೈಯಲ್ಲಿ ಕೆಫೀನ್ ಜಾಸ್ತಿ ಹೊತ್ತು ಉಳಿಯುತ್ತದೆ. ಎದೆ ಡವಗುಟ್ಟುವುದು, ಕೈ ನಡುಗುವುದು, ರಾತ್ರಿ ನಿದ್ದೆ ಬಾರದಿರುವುದು ಶುರುವಾಗುತ್ತದೆ. ಸಿಗರೇಟ್ ಬಿಟ್ಟಿದ್ದಕ್ಕೇ ಹೀಗಾಗುತ್ತಿದೆ ಎಂದುಕೊಂಡು ಜನ ಮತ್ತೆ ಹಚ್ಚುತ್ತಾರೆ. ಬಿಡುವ ದಿನದಿಂದಲೇ ಕಾಫಿ, ಟೀ ಅರ್ಧಕ್ಕೆ ಇಳಿಸಿ ನೋಡಿ.

ಬೀಡಿ ಸೇದುವವರು ಈ ಲೇಖನ ತಮಗಲ್ಲ ಎಂದುಕೊಳ್ಳಬಾರದು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸಿಗರೇಟ್ ಸೇದುವವರು 4 ಶೇಕಡಾ, ಬೀಡಿ ಸೇದುವವರು 7.7 ಶೇಕಡಾ. ನಮ್ಮ ನಿಪ್ಪಾಣಿಯ ಸುತ್ತ ಬೀಡಿ ತಂಬಾಕು ಬೆಳೆಯುತ್ತದೆ, ಕರಾವಳಿಯಲ್ಲಿ ಮನೆಮನೆಯಲ್ಲಿ ಬೀಡಿ ಕಟ್ಟಿ ಬದುಕಿದ್ದಾರೆ. ಬೀಡಿ ಚಿಕ್ಕದು, ಎಲೆಯದ್ದು, ಅದರಿಂದ ಅಷ್ಟೇನೂ ಆಗಲ್ಲ ಎಂಬ ಮಾತು ಸುಳ್ಳು. ಅದು ಆರಿಹೋಗದಿರಲು ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುತ್ತದೆ, ನಿಕೋಟಿನ್ನೂ ಟಾರೂ ಸಾಕಷ್ಟು ಒಳಗೆ ಹೋಗುತ್ತದೆ. ತಾಲೀಮು ಅದೇ, ಮೂರು ಮಾತೂ ಅದೇ. ಗುಟ್ಕಾ, ಜರ್ದಾ ಹಾಕುವವರು ಹೊಗೆಯ ಜಾಗದಲ್ಲಿ ತಮ್ಮದನ್ನು ಇಟ್ಟುಕೊಂಡರಾಯಿತು.

ಮಾತಾಡಿ ಸಲಹೆ ಕೇಳಬೇಕು ಎನ್ನಿಸಿದರೆ 1800-11-2356 ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ. ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ದಕ್ಷಿಣದ ಕೇಂದ್ರ ಇರುವುದರಿಂದ ಕನ್ನಡದಲ್ಲೇ ಮಾತಾಡಬಹುದು. ಸ್ವಸಮ್ಮೋಹನವನ್ನು ಒಮ್ಮೆ ಎದುರು ಕೂತು ಕಲಿಯಬೇಕು ಎಂದಾದರೆ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟರನ್ನೋ ಕೇಳಿ. "90 ಶೇಕಡಾ ಗ್ಯಾರಂಟಿ" ಎನ್ನುವವರ ಹತ್ತಿರ ಹೋಗಬೇಡಿ. ಯಾವ ವಿಧಾನಕ್ಕೂ ಅಂಥ ಫಲಿತಾಂಶ ಇಲ್ಲ.

ಗಾಡಿ ಓಡಿಸುವಾಗ, ಯಂತ್ರದ ಮುಂದೆ ಇರುವಾಗ ಈ ಅಭ್ಯಾಸ ಬೇಡವೇ ಬೇಡ. ಮೂರ್ಛೆ ರೋಗ ಇರುವವರು, ಇಲ್ಲದ ದನಿ ಕೇಳುವಂಥ ಮಾನಸಿಕ ಕಾಯಿಲೆ ಇರುವವರು, ಹಿಂದೆ ಆದ ಆಘಾತದ ನೆನಪು ಮರುಕಳಿಸುವವರು ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ಸಿಗರೇಟ್ ಬಿಟ್ಟ ಮೇಲೆ ಮನಸ್ಸು ಬೇಸರದಲ್ಲೇ ವಾರಗಟ್ಟಲೆ ಮುಳುಗಿದರೆ ಆಗಲೂ ಅಷ್ಟೆ.

ಒಂದು ಸಿಗರೇಟ್ ಸೇದಿಬಿಟ್ಟರೆ ಏನು ಮಾಡುವುದು? ಹೆಚ್ಚಿನವರು "ಎಲ್ಲ ಹಾಳಾಯಿತು" ಎಂದುಕೊಂಡು ಅಂಗಡಿಗೆ ಹೋಗಿ ಪ್ಯಾಕೇ ತರುತ್ತಾರೆ. ಒಂದು ಸಿಗರೇಟು ಚಟವನ್ನು ಪೂರ್ತಿ ವಾಪಸ್ ತರುವುದಿಲ್ಲ. ಅದನ್ನು ತರುವುದು ಆ ಪ್ಯಾಕ್. ಅದೇ ಗಂಟೆಯಲ್ಲಿ ಕೂತು 20 ಸೆಕೆಂಡಿನ ಅಭ್ಯಾಸ ಮಾಡಿ. ಸಂಜೆ ಆ ಸಂದರ್ಭವನ್ನೇ ಮತ್ತೆ ಕಣ್ಮುಂದೆ ತಂದುಕೊಂಡು, ಈ ಸಲ ಸೇದದೇ ಹೊರಬರುವವರೆಗೆ ನೋಡಿ. ಎಲ್ಲಿ ಜಾರಿತು, ಯಾರಿದ್ದರು, ಎಷ್ಟು ಹೊತ್ತಾಗಿತ್ತು, ಹಸಿವಾಗಿತ್ತೇ, ಕುಡಿದಿದ್ದಿರೇ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ನಾಳೆ ಬೆಳಗಿನ ತಾಲೀಮಿಗೆ ಆ ಜಾಗವನ್ನೇ ತೆಗೆದುಕೊಳ್ಳಿ.